ಏರಿನಲ್ಲಿ ಪಿಕಪ್ ಜಗ್ಗುತ್ತದೆ: ಇಂಜೆಕ್ಟರ್ ಬದಲಿಸಬೇಕೆ?

ಪ್ರಶ್ನೆ: ನನ್ನದು ಸುಮಾರು 3 ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಪಿಕಪ್. ಖಾಲಿ ಗಾಡಿಯಲ್ಲಿ ಯಾವ ತೊಂದರೆಯೂ ಇಲ್ಲ. ಮುಳ್ಳೇರಿಯದಿಂದ ಅಡಕೆ ಹೇರಿಕೊಂಡು ಜಾಲ್ಸೂರು ದಾರಿಯಾಗಿ ಸುಳ್ಯಕ್ಕೆ ಹೋಗುವಾಗ, ಏರಿನಲ್ಲಿ ಎಕ್ಸಲೇಟರ್ ತುಳಿದರೆ ಜಗ್ಗಿ ಜಗ್ಗಿ ಸಾಗುತ್ತದೆ. ಎಂಜಿನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ಮೊದಲು ಒಬ್ಬರಿಗೆ ಬೈಕಿನಲ್ಲಿ ಹಿಂದೆ ಬಂದು, ಅದೇ ಏರಿನಲ್ಲಿ ಹೊಗೆಯನ್ನು ಗಮನಿಸಲು ಹೇಳಿ. ಕಪ್ಪು ಹೊಗೆ ಉಗುಳುತ್ತ ಎಳೆತ ಕುಂದಿದರೆ ಹೆಚ್ಚಾಗಿ ಎಂಜಿನಿಗೆ ಗಾಳಿ ಸಾಲುತ್ತಿಲ್ಲ. ಹೊಗೆಯೇ ಇಲ್ಲದೆ ಕುಂದಿದರೆ ಬಹುಶಃ ಡೀಸೆಲ್ ಸಾಲುತ್ತಿಲ್ಲ. ಎಂಜಿನಿನ ಸದ್ದು ಮಾತ್ರ ಏರಿ ಗಾಡಿಯ ವೇಗ ಏರದಿದ್ದರೆ ದೋಷ ಎಂಜಿನಿನದಲ್ಲ, ಸವೆದ ಕ್ಲಚ್ ಪ್ಲೇಟಿನದು.

ಖಾಲಿಯಿದ್ದಾಗ ಸರಿಯಾಗಿದ್ದು ಹೊರೆ ಬಿದ್ದಾಗ ಮಾತ್ರ ಜಗ್ಗುವುದು ಹೆಚ್ಚಾಗಿ ಡೀಸೆಲ್ ದಾರಿಯ ಕಡೆಗೆ ಬೆರಳು ತೋರುತ್ತದೆ. ಅರ್ಧ ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಸಮತಟ್ಟಿನ ಓಟಕ್ಕೆ ಬೇಕಾದಷ್ಟನ್ನು ಬಿಟ್ಟುಕೊಟ್ಟೀತು, ಆದರೆ ಏರಿನಲ್ಲಿ ಬೇಡಿಕೆ ಹೆಚ್ಚಿದಾಗ ಸೋಲುತ್ತದೆ. ನಮ್ಮ ಮಳೆಗಾಲದಲ್ಲಿ ಅರೆಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ಡೀಸೆಲಿನ ಅಡಿಗೆ ಇಳಿಯುವುದೂ ಉಂಟು. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಹಿಡಿದು ಹತ್ತು ನಿಮಿಷ ಬಿಟ್ಟು ನೋಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ನಿಂತಿರುತ್ತದೆ. ಫಿಲ್ಟರ್ ಬದಲಿಸಿದ ನೆನಪು ನಿಮಗಿಲ್ಲದಿದ್ದರೆ ಪರೀಕ್ಷೆಗೂ ಕಾಯದೆ ಹೊಸದನ್ನು ಹಾಕಿಸಿ.

ಅಷ್ಟಕ್ಕೂ ಸರಿಹೋಗದಿದ್ದರೆ ಗಾಡಿ ಜಗ್ಗುವ ಜಾಗದಲ್ಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ಮತ್ತೆ ಹತ್ತಿಸಿ ನೋಡಿ. ಜಗ್ಗುವುದು ನಿಂತರೆ ಟ್ಯಾಂಕಿಗೆ ಗಾಳಿ ಹೋಗುವ ಕಿಂಡಿ ಮುಚ್ಚಿದೆಯೆಂದು ಅರ್ಥ. ಬೆಳಗ್ಗೆ ಸ್ಟಾರ್ಟ್ ಆಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರೆ, ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬಿರುಕುಬಿಟ್ಟು ಗಾಳಿ ಎಳೆಯುತ್ತಿರಬಹುದು. ಅಡಕೆ ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದಿದ್ದರೂ ಆಶ್ಚರ್ಯವಿಲ್ಲ. ಮೆಕ್ಯಾನಿಕ್ ಪಾರದರ್ಶಕ ಪೈಪೊಂದನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಕಪ್ಪು ಹೊಗೆ ಬರುತ್ತಿದ್ದರೆ ಏರ್ ಫಿಲ್ಟರ್ ನೋಡಿ, ಬಳಿಕ ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ ಎಂಜಿನಿಗೆ ಹೋಗುವ ದಪ್ಪ ಹೋಸನ್ನು ಕೈಯಿಂದ ಹಿಂಡಿ ನೋಡಿ. ಅದರ ಅಡಿಭಾಗದ ಸೀಳು ಮೇಲಿನಿಂದ ಕಾಣುವುದಿಲ್ಲ, ಒತ್ತಡ ಏರಿದಾಗ ಮಾತ್ರ ಬಾಯಿ ಬಿಟ್ಟು ಸುಯ್ಯೆಂದು ಗಾಳಿ ಬಿಡುತ್ತದೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸೋತ ಸಿಲಿಂಡರನ್ನು ಪತ್ತೆಹಚ್ಚುವ ಹಳೆಯ ಪದ್ಧತಿ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಭಾರೀ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ) ಎಂಜಿನಿಗೆ ಸಲ್ಲದು. ಅಲ್ಲಿ ಒತ್ತಡ 1000 ಬಾರ್‌ಗೂ ಮೀರಬಲ್ಲುದರಿಂದ, ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕು ಬೆರಳನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಜಗ್ಗುವುದು ಉಳಿದರೆ, ಸ್ಕ್ಯಾನರ್ ಹಾಕಿ ಕಾಮನ್ ರೈಲಿನ ಒತ್ತಡವನ್ನೂ ಎಕ್ಸಲೇಟರ್ ಪೆಡಲಿನ ಸೆನ್ಸರನ್ನೂ ನೋಡಿಸಿ. ಆಮೇಲೆ ಇಂಜೆಕ್ಟರಿನ ಸರದಿ. ಆಗಲೂ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಮೊದಲು, ಪ್ರತಿಯೊಂದರಿಂದ ಎಷ್ಟು ಡೀಸೆಲ್ ಟ್ಯಾಂಕಿನ ಕಡೆಗೆ ಹಿಂದಿರುಗುತ್ತದೆ ಎಂಬುದನ್ನು ಬೇರೆ ಬೇರೆ ಬಾಟಲಿಗಳಲ್ಲಿ ಅಳೆಯಲು ಹೇಳಿ. ಉಳಿದವುಗಳಿಗಿಂತ ಬಹಳ ಹೆಚ್ಚು ಬಿಡುವುದೇ ಸವೆದದ್ದು. ಕಾಮನ್ ರೈಲ್ ಗಾಡಿಗಳಲ್ಲಿ ಹಲವಕ್ಕೆ ಹೊಸ ಇಂಜೆಕ್ಟರಿನ ಮೇಲಿನ ಕೋಡನ್ನು ಎಂಜಿನ್ ಕಂಪ್ಯೂಟರಿಗೆ ದಾಖಲಿಸಬೇಕಾಗುತ್ತದೆ, ಆದ್ದರಿಂದ ಆ ಸೌಲಭ್ಯವಿಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.