ಕೊಟ್ಟರೆ ಸೋಮಾರಿಗಳಾಗ್ತಾರಾ? ನಾನೂರು ವರ್ಷದ ಒಂದು ಅನುಮಾನ

ಬಡವರಿಗೆ ಏನಾದರೂ ಕೊಡುವ ಮಾತು ಬಂದ ಕೂಡಲೇ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. "ಸುಮ್ನೆ ಕೊಟ್ಟರೆ ಜನ ಸೋಮಾರಿಗಳಾಗ್ತಾರೆ." ಹೇಳುವವರು ಕೆಟ್ಟವರೇನಲ್ಲ. ಎಷ್ಟೋ ಸಲ ಕಷ್ಟಪಟ್ಟು ಮೇಲೆ ಬಂದವರೇ ಹೀಗನ್ನುತ್ತಾರೆ. ಆದರೆ ನಿನ್ನೆ ಮೊನ್ನೆ ಹೊಳೆದ ಸತ್ಯದ ಹಾಗೆ ಹೇಳುತ್ತಾರಲ್ಲ, ಅಲ್ಲೇ ನನಗೆ ನಗು ಬರುವುದು. ಈ ಮಾತಿಗೆ ಕನಿಷ್ಠ ನಾನೂರು ವರ್ಷ ವಯಸ್ಸು. ಇದನ್ನು ನಂಬಿ ಕಾನೂನು ಮಾಡಿದ್ದಾರೆ, ಎತ್ತರದ ಗೋಡೆ ಕಟ್ಟಿದ್ದಾರೆ, ಹಸಿದವರ ಕೂಲಿ ಕಡಿಮೆ ಮಾಡಿದ್ದಾರೆ.

ಶುರು ಮಾಡಲು 1601ರ ಇಂಗ್ಲೆಂಡ್ ಒಳ್ಳೆಯ ಜಾಗ. ಮೊದಲನೇ ಎಲಿಜಬೆತ್ ರಾಣಿಯ ಕಾಲ. ತನ್ನ ಬಡವರನ್ನು ಆಯಾ ಊರಿನ ಚರ್ಚಿನ ವಠಾರವೇ, ಅಂದರೆ ಪ್ಯಾರಿಷ್ಷೇ ನೋಡಿಕೊಳ್ಳಬೇಕು, ಅದಕ್ಕಾಗಿ ಉಳ್ಳವರಿಂದ ತೆರಿಗೆ ಎತ್ತಬೇಕು ಎಂದು ಆ ವರ್ಷದ ಕಾನೂನು ಹೇಳಿತು. ದಾನ ಅಲ್ಲ, ತೆರಿಗೆ. ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಅದೇ ಕಾನೂನು ಬಡವರನ್ನು ಜರಡಿ ಹಿಡಿಯಿತು. ಮುದುಕರು, ಕಾಯಿಲೆಯವರು ಒಂದು ಕಡೆ. ಕೈಕಾಲು ಗಟ್ಟಿ ಇದ್ದವರು ಇನ್ನೊಂದು ಕಡೆ. ಮೊದಲನೆಯವರಿಗೆ ನೆರವು, ಎರಡನೆಯವರಿಗೆ ಕೆಲಸ, ಕೆಲಸ ಒಲ್ಲೆ ಎಂದವರಿಗೆ ಶಿಕ್ಷೆ. ಯಾರು ನಿಜವಾದ ಬಡವ, ಯಾರು ಕಳ್ಳ ಬಡವ ಎಂಬ ತಲೆಬಿಸಿ ಅಂದೇ ಇತ್ತು.

1697ರಲ್ಲಿ ಇನ್ನೂ ಒಂದು ಸೇರಿಸಿದರು. ನೆರವು ಪಡೆಯುವವರು ಬಲ ತೋಳಿನ ಮೇಲೆ ಬಡವ ಎಂಬುದರ ಗುರುತಾಗಿ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ 'ಪಿ' ಅಕ್ಷರ ಹೊಲಿದುಕೊಂಡು ಓಡಾಡಬೇಕು. ಜೊತೆಗೆ ತಮ್ಮ ಪ್ಯಾರಿಷ್ ಹೆಸರಿನ ಮೊದಲ ಅಕ್ಷರ. ಹೆಂಡತಿ ಮಕ್ಕಳಿಗೂ ಇದೇ ನಿಯಮ. ತೆಗೆದರೆ ನೆರವಿಗೆ ಕತ್ತರಿ. ನಾಚಿಕೆಯಾದರೆ ಜನ ಕೇಳಲು ಬರುವುದಿಲ್ಲ ಎಂಬ ಲೆಕ್ಕ ಇದರ ಹಿಂದಿತ್ತು. ಈ ನಿಯಮ ರದ್ದಾಗಿದ್ದು 1810ರಲ್ಲಿ.

ಅಷ್ಟರಲ್ಲಿ ಒಂದು ದೊಡ್ಡ ಜಗಳ ಶುರುವಾಗಿತ್ತು. 1795ರಲ್ಲಿ ಬೆಳೆ ಕೈಕೊಟ್ಟಿತ್ತು, ಫ್ರಾನ್ಸ್ ಜೊತೆ ಯುದ್ಧ ನಡೆದಿತ್ತು, ಬ್ರೆಡ್ ಬೆಲೆ ಕೈಗೆ ಸಿಗುತ್ತಿರಲಿಲ್ಲ. ಆ ಮೇ 6ರಂದು ಬರ್ಕ್‌ಷೈರಿನ ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಒಂದು ಛತ್ರದಲ್ಲಿ ಮ್ಯಾಜಿಸ್ಟ್ರೇಟರು ಕೂತು ಒಂದು ಪಟ್ಟಿ ಮಾಡಿದರು. ಸುಮಾರು 4 ಕಿಲೋ ತೂಕದ ಬ್ರೆಡ್ಡಿಗೆ 1 ಶಿಲಿಂಗ್ ಇದ್ದರೆ ದುಡಿಯುವ ಗಂಡಸಿಗೆ ವಾರಕ್ಕೆ 3 ಶಿಲಿಂಗ್, ಮನೆಯ ಉಳಿದವರಿಗೆ ತಲೆಗೆ ಒಂದೂವರೆ ಶಿಲಿಂಗ್. ಬ್ರೆಡ್ ಬೆಲೆ ಏರಿದರೆ ಈ ಮೊತ್ತವೂ ಏರಬೇಕು. ಕೂಲಿ ಅಷ್ಟು ಬರದಿದ್ದರೆ ಉಳಿದದ್ದನ್ನು ಪ್ಯಾರಿಷ್ ತುಂಬಿಕೊಡಬೇಕು.

ಸರಳ ಏರ್ಪಾಡು, ಅಲ್ವಾ? ಸುತ್ತಲಿನ ಬೇರೆ ಕಡೆಗಳಿಗೂ ಇಂಥದ್ದೇ ಹಬ್ಬಿತು. ಹಬ್ಬಿದಂತೆ ದೂರೂ ಬೆಳೆಯಿತು. ತೆರಿಗೆ ಏರುತ್ತಿದೆ, ಕೂಲಿಗಳು ಮೈಗಳ್ಳರಾಗುತ್ತಿದ್ದಾರೆ, ಮಕ್ಕಳನ್ನು ಹೆತ್ತು ಹಾಕುತ್ತಿದ್ದಾರೆ. ನೆರವು ಜನಸಂಖ್ಯೆ ಹೆಚ್ಚಿಸುತ್ತದೆ, ಆಹಾರ ಹೆಚ್ಚಿಸುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಥಾಮಸ್ ಮಾಲ್ಥಸ್ 1798ರಿಂದ ವಾದಿಸುತ್ತ ಬಂದ. ಇದರ ನಡುವೆ ಇನ್ನೊಂದು ಸಂಗತಿಯ ಬಗ್ಗೆ ಅಷ್ಟು ಗದ್ದಲ ಆಗಲಿಲ್ಲ. ಕೊರತೆಯನ್ನು ಪ್ಯಾರಿಷ್ ತುಂಬುತ್ತದೆ ಅಂದ ಮೇಲೆ ನಾನ್ಯಾಕೆ ಪೂರ್ತಿ ಕೂಲಿ ಕೊಡಲಿ ಎಂದು ಜಮೀನಿನವರೂ ಲೆಕ್ಕ ಹಾಕಬಹುದಿತ್ತು. ಲಾಭ ಯಾರಿಗೋ ಹೋಯಿತು, ಹೆಸರು ಕೆಟ್ಟಿದ್ದು ಕೂಲಿಯವನದ್ದು.

1832ರಲ್ಲಿ ಆಯೋಗ ಕೂತಿತು. 1834ರಲ್ಲಿ ವರದಿ ಬಂತು, ಅದೇ ವರ್ಷ ಹೊಸ ಕಾನೂನೂ ಬಂತು. ನೆರವು ಪಡೆಯುವವನ ಬದುಕು ಅತ್ಯಂತ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು ಎಂಬುದೇ ಅದರ ಸೂತ್ರ. ಹಾಗೆಂದ ಮೇಲೆ ಕೈಕಾಲು ಗಟ್ಟಿ ಇದ್ದವರಿಗೆ ಮನೆಗೆ ಹಣ ಕೊಡುವಂತಿಲ್ಲ. ನೆರವು ಬೇಕಾ, ವರ್ಕ್‌ಹೌಸಿಗೆ, ಅಂದರೆ ಬಡವರನ್ನು ಇರಿಸಿಕೊಂಡು ದುಡಿಸುವ ಮನೆಗೆ ಬಾ. ಒಳಗೆ ಹೋದ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ.

ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸ ಕೊಟ್ಟಿದ್ದರು. ಕೊಳೆತು ನಾರುವ ಪ್ರಾಣಿಗಳ ಮೂಳೆ. ಕುಟ್ಟುವವರು ಮೂಳೆಗೆ ಅಂಟಿದ ಮಾಂಸದ ಚೂರಿಗಾಗಿ, ಒಳಗಿನ ಮಜ್ಜೆಗಾಗಿ ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದರು. ಅವರಿಗೆ ಅಷ್ಟು ಹಸಿವು. 1845ರಲ್ಲಿ ಇದು ಬಯಲಾಗಿ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. ವರ್ಕ್‌ಹೌಸಿನ ಸೂತ್ರ ಮಾತ್ರ ಹಾಗೇ ಉಳಿಯಿತು.

ಒಂದು ನೂರಾ ಮೂವತ್ತು ವರ್ಷ ಬಿಟ್ಟು ಅರ್ಥಶಾಸ್ತ್ರದ ಇತಿಹಾಸಕಾರ ಮಾರ್ಕ್ ಬ್ಲಾಗ್ ಆ 1834ರ ವರದಿಯ ಅಂಕಿಅಂಶ ಹರವಿಕೊಂಡು ಕೂತರು. ಅವರು ಕಂಡದ್ದು ಇಷ್ಟು: ನೆರವಿನಿಂದ ಕೂಲಿ ಇಳಿದು ಬಡತನ ಬಂದಿತ್ತು ಎಂದು ವರದಿ ಹೇಳಿತ್ತು, ಆದರೆ ಕೂಲಿ ಮೊದಲೇ ಕಡಿಮೆ ಇದ್ದ, ವರ್ಷದಲ್ಲಿ ಕೆಲವು ಕಾಲ ಕೆಲಸವೇ ಇರದ ಕಡೆಗಳಲ್ಲಿ ನೆರವು ಬಂದಿತ್ತು. ಕಾಯಿಲೆಯನ್ನೂ ಮದ್ದನ್ನೂ ಅದಲುಬದಲು ಮಾಡಿದ್ದರು.

ಈ ಅನುಮಾನ ಹಡಗು ಹತ್ತಿ ಬೇರೆ ದೇಶಗಳಿಗೂ ಹೋಯಿತು. 1873-74ರ ಬಿಹಾರ ಬರದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಶಹಬ್ಬಾಸ್ ಸಿಗಬೇಕಿತ್ತು, ಸಿಕ್ಕಿದ್ದು ದುಂದುಗಾರ ಎಂಬ ಬೈಗುಳ. 1877ರಲ್ಲಿ ಅದೇ ಟೆಂಪಲ್‌ನನ್ನು ಮದ್ರಾಸ್ ಪ್ರಾಂತ್ಯದ ಬರಕ್ಕೆ ಕಳಿಸಿದಾಗ ಅವನು ಬೇರೆಯೇ ಮನುಷ್ಯನಾಗಿದ್ದ. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವವನಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಪುಡಿಗಾಸು ಸಾಕು ಎಂದ. ಕೆಲಸದ ಜಾಗ ಮನೆಯಿಂದ ದೂರ ಇರಬೇಕು, ನಿಜವಾಗಿ ಹಸಿದವರು ಮಾತ್ರ ನಡೆದು ಬರಲಿ ಎಂಬುದು ಇನ್ನೊಂದು ಪರೀಕ್ಷೆ. ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದು ಸಾಲದು ಎಂದು ಜಗಳಕ್ಕೇ ನಿಂತ. 1876-78ರ ಆ ಬರದಲ್ಲಿ ಸತ್ತವರು 50 ಲಕ್ಷಕ್ಕೂ ಜಾಸ್ತಿ ಎಂಬ ಅಂದಾಜಿದೆ. ಹಸಿದವನು ನಟಿಸುತ್ತಿದ್ದಾನೋ ಏನೋ ಎಂದು ಪರೀಕ್ಷೆ ಮಾಡುವುದಕ್ಕೂ ಒಂದು ಖರ್ಚಿದೆ. ಅದನ್ನು ಯಾರೂ ಲೆಕ್ಕಪತ್ರದಲ್ಲಿ ಬರೆಯುವುದಿಲ್ಲ.

ಅನುಮಾನಕ್ಕೆ ಒಂದು ದೊಡ್ಡ ಪೆಟ್ಟು ಬಿದ್ದದ್ದು ಚಾಕೊಲೇಟ್ ಕಾರ್ಖಾನೆಯ ಮನೆತನದವನೊಬ್ಬನಿಂದ. ಸೀಬಾಮ್ ರೌಂಟ್ರಿ 1899ರಲ್ಲಿ ಯಾರ್ಕ್ ನಗರದ ದುಡಿಯುವ ಜನರ ಮನೆಮನೆಯ ಮಾಹಿತಿ ಕಲೆಹಾಕಿಸಿದ. 11,560 ಕುಟುಂಬ, 46,754 ಜನ. ಬದುಕಿರಲು ತೀರಾ ಬೇಕಾದ ಊಟ, ಬಟ್ಟೆ, ಬಾಡಿಗೆ, ಸೌದೆಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ. ಅದರಲ್ಲಿ ಬಸ್ಸಿಗೆ ಕಾಸಿಲ್ಲ, ಪತ್ರಿಕೆಗೆ ಕಾಸಿಲ್ಲ, ಮಗುವಿಗೆ ಒಂದು ಗೊಂಬೆಗೂ ಇಲ್ಲ. ಅಷ್ಟು ಬಿಗಿ ಅಳತೆ ಹಿಡಿದು, ಅಷ್ಟು ಆದಾಯ ಇದ್ದೂ ಮನೆಯಲ್ಲಿ ಕಣ್ಣಿಗೆ ಕಾಣುವ ಕೊರತೆ ಇದ್ದವರನ್ನೂ ಸೇರಿಸಿದಾಗ ನಗರದ ಸುಮಾರು ಶೇ. 28ರಷ್ಟು ಜನ ಬಡವರ ಪಟ್ಟಿಗೆ ಬಂದರು. ಅಳತೆಯಷ್ಟೂ ಆದಾಯ ಇಲ್ಲದವರಲ್ಲಿ ಯಾಕೆ ಇಲ್ಲ ಎಂದು ನೋಡಿದರೆ ಅರ್ಧಕ್ಕೂ ಜಾಸ್ತಿ ಮಂದಿಯ ಮನೆಯಲ್ಲಿ ದುಡಿಯುವವನಿಗೆ ಖಾಯಂ ಕೆಲಸವಿತ್ತು! ಕೂಲಿ ಸಾಲುತ್ತಿರಲಿಲ್ಲ, ಅಷ್ಟೇ. ಉಳಿದವರದ್ದು ದೊಡ್ಡ ಸಂಸಾರ, ಯಜಮಾನನ ಸಾವು, ಕಾಯಿಲೆ, ಮುಪ್ಪು. ಸೋಮಾರಿತನಕ್ಕೆ ಆ ಪಟ್ಟಿಯಲ್ಲಿ ಜಾಗವೇ ಹೆಚ್ಚು ಸಿಗಲಿಲ್ಲ.

ಇಂಥ ಸಮೀಕ್ಷೆಗಳ ಬಲದಿಂದಲೇ ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿ ಬಂತು. 1909ರ ಜನವರಿ 1ರಿಂದ, 70 ದಾಟಿದ ಬಡವರಿಗೆ, ಪೋಸ್ಟ್ ಆಫೀಸಿನ ಮೂಲಕ, ವಾರಕ್ಕೆ 5 ಶಿಲಿಂಗ್‌ವರೆಗೆ. ಆ ಕಾನೂನಿನಲ್ಲೂ ಒಂದು ಕಲಂ ಇತ್ತು: ಜೀವನವಿಡೀ ಕೆಲಸಕ್ಕೆ ಕಳ್ಳಬಿದ್ದವರಿಗೆ ಪಿಂಚಣಿ ಇಲ್ಲ. ಎಪ್ಪತ್ತು ವರ್ಷದ ಮುದುಕ ಯೌವನದಲ್ಲಿ ಎಷ್ಟು ದುಡಿದಿದ್ದ ಅಂತ ಯಾರನ್ನು ಕೇಳುವುದು?

ಎರಡನೇ ಮಹಾಯುದ್ಧದ ಹೊತ್ತಿಗೆ ಗಾಳಿ ತಿರುಗಿತು. ಎಲ್ಲರಿಗೂ ಸಾಮಾಜಿಕ ವಿಮೆ ಬೇಕೆಂದ ಬ್ರಿಟನ್ನಿನ 1942ರ ಬೆವರಿಜ್ ವರದಿಯಿಂದ ಹಿಡಿದು ಶ್ರೀಮಂತ ದೇಶಗಳು ಒಂದೊಂದಾಗಿ ವಿಮೆ, ಪಿಂಚಣಿ, ಆಸ್ಪತ್ರೆ ಎಂದು ಕಟ್ಟಿಕೊಂಡವು. ಆದರೂ ಹಳೇ ದೆವ್ವ ಬಿಡಲಿಲ್ಲ. 1969ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬಡ ಕುಟುಂಬಗಳಿಗೆ ಕನಿಷ್ಠ ಆದಾಯ ಖಾತ್ರಿ ಮಾಡಲು ಹೊರಟಾಗ ಸಲಹೆಗಾರ ಮಾರ್ಟಿನ್ ಆಂಡರ್ಸನ್ ಕೈಯಲ್ಲಿ ಒಂದು ಟಿಪ್ಪಣಿ ಹಿಡಿದು ಬಂದರು. ವಿಷಯ ಸ್ಪೀನ್‌ಹ್ಯಾಮ್‌ಲ್ಯಾಂಡ್! ಆ ಮ್ಯಾಜಿಸ್ಟ್ರೇಟರು ತೀರಿಹೋಗಿ ತಲೆಮಾರುಗಳೇ ಕಳೆದಿದ್ದವು. ನಿಕ್ಸನ್ ಯೋಜನೆಗೆ ಕೆಲಸದ ಷರತ್ತು ಸೇರಿತು, ಆಮೇಲೆ ಸೆನೆಟ್‌ನಲ್ಲಿ ಯೋಜನೆಯೇ ಬಿದ್ದುಹೋಯಿತು.

ಅದೇ ಸುಮಾರಿಗೆ ಕೆನಡಾದ ಡಾಫಿನ್ ಎಂಬ ಪುಟ್ಟ ಊರಿನಲ್ಲಿ ಇದನ್ನು ಮಾಡಿಯೇ ನೋಡಿದರು. 1974ರಿಂದ 1979ರವರೆಗೆ ಆದಾಯ ಒಂದು ಮಟ್ಟಕ್ಕಿಂತ ಇಳಿದ ಯಾರಿಗಾದರೂ ಹಣ. ಸರ್ಕಾರ ಬದಲಾಯಿತು, ಪ್ರಯೋಗ ನಿಂತಿತು, ದಾಖಲೆಗಳು 1,800 ಪೆಟ್ಟಿಗೆಗಳಲ್ಲಿ ಧೂಳು ತಿಂದವು. ಎವೆಲಿನ್ ಫೋರ್ಜೆ ಎಂಬ ಅರ್ಥಶಾಸ್ತ್ರಜ್ಞೆ ಆ ವರ್ಷಗಳ ಆರೋಗ್ಯದ ದಾಖಲೆ ಹುಡುಕಿ ನೋಡಿ 2011ರಲ್ಲಿ ಬರೆದರು. ಹೋಲಿಕೆಗೆ ತೆಗೆದುಕೊಂಡ ಜನರಿಗಿಂತ ಡಾಫಿನ್‌ನವರು ಆಸ್ಪತ್ರೆ ಸೇರುವುದು ಶೇ. 8.5ರಷ್ಟು ಕಡಿಮೆಯಾಗಿತ್ತು. ಹುಡುಗರು ಶಾಲೆಯಲ್ಲಿ ಇನ್ನೂ ಒಂದು ವರ್ಷ ಉಳಿದಿದ್ದರು.

ಬಡ ದೇಶಗಳಲ್ಲಿ ಈ ಕತೆಗೆ ಹೊಸ ತಿರುವು ಕೊಟ್ಟದ್ದು 1997ರ ಮೆಕ್ಸಿಕೊ. ಅಲ್ಲಿ ಹಣ ತಾಯಿಯ ಕೈಗೆ ಹೋಯಿತು, ಮಗು ಶಾಲೆಗೆ ಮತ್ತು ದವಾಖಾನೆಗೆ ಹೋಗಬೇಕೆಂಬ ಷರತ್ತಿನ ಮೇಲೆ. 506 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ ಹೋಲಿಸಿದ್ದರಿಂದ ಫಲಿತಾಂಶ ತಳ್ಳಿಹಾಕುವುದು ಕಷ್ಟವಾಯಿತು. ಮುಖ್ಯವಾಗಿ ಹೆಣ್ಣುಮಕ್ಕಳು ದೊಡ್ಡ ಕ್ಲಾಸುಗಳಿಗೆ ಜಾಸ್ತಿ ಸೇರಿದ್ದರು. 2003ರಲ್ಲಿ ಬ್ರೆಜಿಲ್ ಅದೇ ದಾರಿ ಹಿಡಿಯಿತು. 2017ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ದೇಶಗಳ ಇಂಥ ಏಳು ಯೋಜನೆಗಳ ಅಂಕಿಅಂಶ ಒಟ್ಟಿಗೆ ಜಾಲಾಡಿದರು. ಜನ ಕೆಲಸ ಬಿಟ್ಟರು ಎನ್ನಲು ಪುರಾವೆ ಸಿಗಲಿಲ್ಲ. ಕುಡಿತಕ್ಕೆ, ಬೀಡಿ ಸಿಗರೇಟಿಗೆ ಸುರಿಯುತ್ತಾರೆ ಎಂಬ ದೂರನ್ನು ಇನ್ನಿಬ್ಬರು ಸಂಶೋಧಕರು ಬೇರೆಯಾಗಿ ಪರೀಕ್ಷಿಸಿದರು. ಅದೂ ನಿಲ್ಲಲಿಲ್ಲ.

ಹಾಗಾದರೆ ಬಡವರ ನಿರ್ಧಾರಗಳು ಹೊರಗಿನವರಿಗೆ ಹುಚ್ಚಾಟದಂತೆ ಕಾಣುವುದು ಯಾಕೆ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಮ್ಮೆ, ಕಟಾವಿನ ಹಣ ಕೈಗೆ ಬಂದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ಅದೇ ಮನುಷ್ಯ, ಅದೇ ತಲೆ. ಕೈ ಬರಿದಾಗಿದ್ದಾಗ ಅಂಕ ಕಡಿಮೆ, ಹಣ ಬಂದ ಮೇಲೆ ಜಾಸ್ತಿ. ಸಾಲಗಾರ ಇಂದು ಬರುತ್ತಾನೋ ನಾಳೆಯೋ ಎಂದು ಯೋಚಿಸುವ ತಲೆಯಲ್ಲಿ ಬೇರೆ ಲೆಕ್ಕಕ್ಕೆ ಜಾಗ ಎಲ್ಲಿ?

ಹಣ ಕೊಟ್ಟರೆ ಬಡತನವೇ ಮುಗಿಯುತ್ತದೆ ಎಂದು ನಾನೇನೂ ಹೇಳುತ್ತಿಲ್ಲ. 1990ರಲ್ಲಿ ಜಗತ್ತಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಡುಬಡತನದಲ್ಲಿದ್ದರು, ಈಗ ಹತ್ತರಲ್ಲಿ ಒಬ್ಬರ ಆಸುಪಾಸು. ಈ ಇಳಿತದ ದೊಡ್ಡ ಪಾಲು ಚೀನಾದಂಥ ದೇಶಗಳಲ್ಲಿ ಹೊಲ, ಕಾರ್ಖಾನೆಗಳ ಉತ್ಪಾದನೆ ಬೆಳೆದು ಕೂಲಿ ಏರಿದ್ದರಿಂದ ಬಂದದ್ದು. ಅನುಮಾನಪಡುವವರ ಕೈಗೂ ಒಂದಿಷ್ಟು ಸರಕಿದೆ. ಅಮೆರಿಕದಲ್ಲಿ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಪಡೆದವರು ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ದುಡಿದಿದ್ದರು. ಒಂದೂಕಾಲು ಗಂಟೆಯನ್ನು ಸೋಮಾರಿತನ ಎನ್ನಬೇಕೋ, ಕೊನೆಗೂ ಸಿಕ್ಕ ಒಂಚೂರು ಬಿಡುವು ಎನ್ನಬೇಕೋ, ಓದುವವರು ಜಗಳವಾಡಿಕೊಳ್ಳಲಿ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಬಂದು ಎಲ್ಲ ಮುಚ್ಚಿದಾಗ ಬ್ರಿಟನ್ ಸರ್ಕಾರ ಒಂದು ಕೆಲಸ ಮಾಡಿತು. ನೆರವು ಪಡೆಯುವವರು ಕೆಲಸ ಹುಡುಕುತ್ತಿದ್ದೇವೆ ಎಂದು ತೋರಿಸಬೇಕಾದ ಷರತ್ತನ್ನು ಮೂರು ತಿಂಗಳು ಪಕ್ಕಕ್ಕಿಟ್ಟಿತು. ಯಾರೂ ಯಾರನ್ನೂ ಸೋಮಾರಿ ಅನ್ನಲಿಲ್ಲ, ಯಾಕೆಂದರೆ ಆಗ ಮನೆಯಲ್ಲಿ ಎಲ್ಲರೂ ಕೂತಿದ್ದರು. ಜುಲೈನಲ್ಲಿ ಷರತ್ತು ವಾಪಸ್ ಬಂತು.