ಓದುಗರ ಪ್ರಶ್ನೆ: ಸ್ಟ್ರೋತ್ಸಿ ಅರಮನೆಯೊಳಗೆ ಸಿಂಹಾಸನ ಯಾಕಿಲ್ಲ?

ಪ್ರಶ್ನೆ: ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಪಲಾತ್ಸೋ ಸ್ಟ್ರೋತ್ಸಿ 500 ವರ್ಷ ಹಳೆಯ ಅರಮನೆ ಅಂತಾರೆ. ಆದರೆ ಒಳಗೆ ಹಳೇ ಮಂಚ, ಸಿಂಹಾಸನ ಏನೂ ಇಲ್ಲವಂತೆ. ಬರೀ ಕಲಾಪ್ರದರ್ಶನವಂತೆ. ದುಡ್ಡು ಕೊಟ್ಟು ಹೋಗೋದು ದಂಡ ಅಲ್ವಾ?

ಉತ್ತರ: ಸಿಂಹಾಸನ ಇರಲು ಅಲ್ಲಿ ರಾಜನೇ ಇರಲಿಲ್ಲ. ಇದು ಫಿಲಿಪ್ಪೋ ಸ್ಟ್ರೋತ್ಸಿ ಎಂಬ ಬ್ಯಾಂಕ್ ಸಾಹುಕಾರ ಕಟ್ಟಿಸಿದ ಮನೆ. ಇಟಲಿಯಲ್ಲಿ ಸಾಹುಕಾರರ ದೊಡ್ಡ ಮನೆಗೂ ಪಲಾತ್ಸೋ ಅಂತಾರೆ.

1434ರಲ್ಲಿ ಊರಲ್ಲಿ ಬಲಾಢ್ಯರಾಗಿದ್ದ ಮೆಡಿಚಿ ಮನೆತನದವರು ಸ್ಟ್ರೋತ್ಸಿಗಳನ್ನು ಊರು ಬಿಡಿಸಿದ್ದರು. ಆ ಮನೆಯ ಫಿಲಿಪ್ಪೋ ನೇಪಲ್ಸ್‌ನಲ್ಲಿ ಚೆನ್ನಾಗಿ ದುಡ್ಡು ಮಾಡಿ 1466ರಲ್ಲಿ ವಾಪಸ್ ಬಂದ. ಅಕ್ಕಪಕ್ಕದ ಮನೆಗಳನ್ನೆಲ್ಲ ಕೊಂಡು ಕೆಡವಿಸಿದ. ಜ್ಯೋತಿಷಿಗಳಿಂದ ಮುಹೂರ್ತ ಇಡಿಸಿ 1489ರ ಆಗಸ್ಟ್ 6ರಂದು ಅಡಿಗಲ್ಲು ಹಾಕಿಸಿದ. ಆಗ ಊರಲ್ಲಿ ಮಾತು ನಡೆಯುತ್ತಿದ್ದದ್ದು ಲೊರೆಂಜೋ ಮೆಡಿಚಿಯದು. ಅವನ ಕಣ್ಣು ಬೀಳದ ಹಾಗೆ ಇಷ್ಟು ದೊಡ್ಡ ಮನೆ ಕಟ್ಟೋದು ಹೇಗೆ? ಫಿಲಿಪ್ಪೋನ ಮಗ ಹೇಳುವ ಕಥೆ ಮಜವಾಗಿದೆ. ನನಗೆ ಸಣ್ಣ ಮನೆ ಸಾಕು, ಕೆಳಗೆ ಬಾಡಿಗೆಗೆ ಅಂಗಡಿ ಹಾಕಿಸ್ತೀನಿ ಅಂತ ಅಪ್ಪ ನಾಟಕ ಆಡಿದನಂತೆ. ಛೇ, ಊರಿಗೆ ಶೋಭೆ ತರುವಂತೆ ಕಟ್ಟಿಸು ಅಂತ ಲೊರೆಂಜೋನೇ ಒತ್ತಾಯ ಮಾಡಿದನಂತೆ! ಮಗ ಹೇಳಿದ್ದು, ಸ್ವಲ್ಪ ಉಪ್ಪು ಖಾರ ಸೇರಿರಬಹುದು.

ಫಿಲಿಪ್ಪೋ 1491ರಲ್ಲೇ ತೀರಿಕೊಂಡ. ಕೆಲಸ 1538ರವರೆಗೆ ಎಳೆಯಿತು. ಅಷ್ಟರಲ್ಲಿ ಅವನ ಇನ್ನೊಬ್ಬ ಮಗ, ಆಗ ಊರು ಆಳುತ್ತಿದ್ದ ಕೊಸಿಮೋ ಮೆಡಿಚಿಯ ವಿರುದ್ಧ ನಿಂತು ಸೋತು, ಸೆರೆಮನೆಯಲ್ಲಿ ಸತ್ತ. ಮನೆ ಜಪ್ತಿಯಾಯಿತು. ಸುಮಾರು 30 ವರ್ಷದ ಮೇಲೆ ಮರಳಿ ಸಿಕ್ಕಿ, 1937ರವರೆಗೂ ವಂಶದ ಕೈಯಲ್ಲೇ ಉಳಿಯಿತು. ಆಮೇಲೆ ಒಂದು ವಿಮಾ ಸಂಸ್ಥೆ ಕೊಂಡಿತು, 1999ರಲ್ಲಿ ಸರ್ಕಾರಕ್ಕೆ ಬಂತು. 2006ರಿಂದ ಒಂದು ಪ್ರತಿಷ್ಠಾನ ಇಲ್ಲಿ ಪ್ರದರ್ಶನ ನಡೆಸುತ್ತಿದೆ. ಅದಕ್ಕೆ ತನ್ನದೇ ಸಂಗ್ರಹ ಅಂತ ಇಲ್ಲ. ಕಲಾಕೃತಿಗಳು ಬರುತ್ತವೆ, ಹೋಗುತ್ತವೆ.

ಹಾಗಾಗಿ ಹೋಗುವ ಮುಂಚೆ ಈಗ ಏನು ನಡೀತಿದೆ ಅಂತ ನೋಡಿಕೊಳ್ಳಿ. 2022ರಲ್ಲಿ ಹೋದವರಿಗೆ ಫ್ಲಾರೆನ್ಸ್‌ನ ಹಳೇ ಶಿಲ್ಪಿ ದೊನಾತೆಲ್ಲೋನ ಶಿಲ್ಪಗಳು ಸಿಕ್ಕವು. ಮರುವರ್ಷ ನಮ್ಮ ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ ಅವರ ಪ್ರದರ್ಶನ ಇತ್ತು. ನನಗೆ ಕಟ್ಟಡದ ಗುಣ ಸರಿಯಾಗಿ ಹಿಡಿದವರು ಅನ್ನಿಸೋದು ಚೀನಾದ ಕಲಾವಿದ ಐ ವೇವೇ. 2016ರಲ್ಲಿ ಅವರು ಹೊರಗಿನ ಕಿಟಕಿಗಳಿಗೇ ರಬ್ಬರ್ ದೋಣಿಗಳನ್ನು ಹೊಡೆಸಿದರು. ಮೆಡಿಟರೇನಿಯನ್ ದಾಟಿ ಬರುವ ನಿರಾಶ್ರಿತರ ನೆನಪಿಗೆ. ಊರಿನವರಲ್ಲಿ ಎಷ್ಟೋ ಜನ ಸಿಟ್ಟಾದರು. ಆದರೆ ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡಲಿ ಅಂತಲೇ ಫಿಲಿಪ್ಪೋ ಆ ಗೋಡೆ ಎಬ್ಬಿಸಿದ್ದು, ಅಲ್ವಾ?

ಟಿಕೆಟ್ ಬೇಡ ಅನ್ನಿಸಿದರೆ ಒಳಾಂಗಳಕ್ಕೆ ಹೋಗಿ, ಅದು ಪುಕ್ಕಟೆ. ಹೊರಬಂದು ಗೋಡೆ ನೋಡಿ. ಕೆಳಗೆ ಉಬ್ಬು ಕಲ್ಲು, ಮೇಲೆ ಹೋದಂತೆ ನಯ. ಮೂಲೆಯ ಕಬ್ಬಿಣದ ದೀಪಗಳನ್ನು ಮಾಡಿದ ಕಮ್ಮಾರ ಅಡ್ವಾನ್ಸ್ ಇಲ್ಲದೆ ಕೆಲಸ ಮುಟ್ಟದವನು ಅಂತ ಹೆಸರಾಗಿದ್ದ. ಸೂರಿನ ದೊಡ್ಡ ಕಲ್ಲಿನ ಅಂಚು ಅರ್ಧಕ್ಕೇ ನಿಂತಿದೆ, ಇವತ್ತಿಗೂ ಮುಗಿದಿಲ್ಲ.

ಮಂಚ, ಒಲೆ, ಅಡುಗೆಮನೆಯೇ ನೋಡಬೇಕಾ? ಹತ್ತಿರದಲ್ಲೇ ನಡೆದು ಹೋಗುವ ದೂರದಲ್ಲಿ ಪಲಾತ್ಸೋ ದಾವನ್ಸಾತಿ ಇದೆ. ಹಳೇ ಫ್ಲಾರೆನ್ಸ್ ಮನೆಯ ಮ್ಯೂಸಿಯಂ ಅದು. ಅಲ್ಲಿನ ಸಾಮಾನೂ ಹೆಚ್ಚಿನಂಶ ಬೇರೆ ಕಡೆಯಿಂದ ತಂದು ಜೋಡಿಸಿದ್ದೇ.