ಮಿಂಟ್: ಪೆಪ್ಪರ್‌ಮೆಂಟಲ್ಲ, ಟಂಕಸಾಲೆ

ಬೇಸಿಗೆ ರಜೆಗೆ ಅಕ್ಕನ ಮಗ ದಾವಣಗೆರೆಗೆ ಬಂದಿದ್ದ. ಹಳೇ ಗ್ರಾಫಿಕ್ ಕಾದಂಬರಿ (ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ) ಮಾರುವವರ ಜಾಹೀರಾತನ್ನು ಮೊಬೈಲಿನಲ್ಲಿ ನೋಡುತ್ತಾ ಕೇಳಿದ: "ಮಾಮಾ, ಮಿಂಟ್ ಕಂಡೀಷನ್ ಅಂತ ಹಾಕಿದ್ದಾರೆ. ಪೆಪ್ಪರ್‌ಮೆಂಟ್ ವಾಸನೆ ಬರುತ್ತಾ?"

ನಗು ಬಂತು. ಆದರೆ ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈ ಮಿಂಟ್‌ಗೂ ಪುದೀನಕ್ಕೂ ಸಂಬಂಧ ಇಲ್ಲ. ಇಂಗ್ಲಿಷಿನಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಗೂ ಮಿಂಟ್ ಅಂತಲೇ ಹೆಸರು. ಅಲ್ಲಿಂದ ಈಗಷ್ಟೇ ಹೊರಬಿದ್ದ, ಇನ್ನೂ ಯಾರ ಜೇಬಿಗೂ ಇಳಿಯದ ನಾಣ್ಯ ಹೇಗಿರುತ್ತೋ ಹಾಗಿರುವ ವಸ್ತು ಮಿಂಟ್. ಅಂಚೆಚೀಟಿ, ಕಾಮಿಕ್ಸ್, ಗ್ರಾಫಿಕ್ ಕಾದಂಬರಿ ಎಲ್ಲಕ್ಕೂ ಈಗ ಅದೇ ಮಾತು.

ಕಾಮಿಕ್ಸ್ ಸಂಗ್ರಹಿಸುವವರು ಇದಕ್ಕೆ ಅಂಕವನ್ನೂ ಕೊಡುತ್ತಾರೆ. 0.5ರಿಂದ ಶುರುವಾಗಿ 10ರವರೆಗೆ. 9.9 ಬಂದರೆ ಮಿಂಟ್, 9.4 ನಿಯರ್ ಮಿಂಟ್, 8 ವೆರಿ ಫೈನ್, 6 ಫೈನ್, 4 ವೆರಿ ಗುಡ್. ಬರೀ ಗುಡ್‌ಗೆ ಎಷ್ಟು ಗೊತ್ತಾ? 2! ನಮ್ಮ ಶಾಲೆಯ ಲೆಕ್ಕದಲ್ಲಿ ಫೇಲು. ಇದು ಗೊತ್ತಿಲ್ಲದೆ ನಾನೊಮ್ಮೆ 'ಗುಡ್ ಕಂಡೀಷನ್' ನಂಬಿ ಒಂದು ದಪ್ಪ ಪುಸ್ತಕ ತರಿಸಿದೆ. ಪೊಟ್ಟಣ ಬಿಚ್ಚಿದರೆ ಏಳು ಹಾಳೆ ಕೈಗೆ ಬಂದವು. ಮಾರಿದವರು ಸುಳ್ಳು ಹೇಳಿರಲಿಲ್ಲ. ಪದ ನನಗೇ ಗೊತ್ತಿರಲಿಲ್ಲ, ಅಷ್ಟೇ.

ಓದುವ ಮನೆಯಲ್ಲಿ ಮಿಂಟ್ ಉಳಿಯೋದಿಲ್ಲ. ಉಳಿಯಲೇಬೇಕು ಅಂತಲೂ ನನಗೆ ಅನಿಸೋದಿಲ್ಲ. ಪುಟ ತಿರುವಿ ತಿರುವಿ ಬೆನ್ನಿನ ಮೇಲೆ ಗೆರೆ ಬಿದ್ದರೆ ಬೀಳಲಿ, ಅದು ಓದಿದ ಗುರುತು. ಸುಮ್ನೆ ಇಟ್ಟಲ್ಲೇ ಪುಸ್ತಕ ಹಾಳಾಗುತ್ತಲ್ಲ, ಅದು ಮಾತ್ರ ಹೊಟ್ಟೆ ಉರಿಸುತ್ತದೆ. ನಮ್ಮೂರಲ್ಲಿ ಅದಕ್ಕೆ ದಾರಿ ಬೇಕಾದಷ್ಟಿವೆ.

ಮೊದಲು ಬಿಸಿಲು. ಹಳೇ ಸಲೂನಿನ ಗಾಜಿಗೆ ಅಂಟಿಸಿದ ಪೋಸ್ಟರ್ ನೋಡಿರ್ತೀರಿ, ನಾಯಕನ ಮುಖ, ಅಂಗಿ ಎಲ್ಲಾ ನೀಲಿಗೆ ತಿರುಗಿರುತ್ತದೆ. ಕೆಂಪು, ಹಳದಿ ಶಾಯಿ ಬೇಗ ಸಾಯುತ್ತವೆ, ನೀಲಿ, ಕಪ್ಪು ಕೊನೆವರೆಗೂ ನಿಲ್ಲುತ್ತವೆ. ಕಿಟಕಿಗೆ ಎದುರಾಗಿ ಜೋಡಿಸಿದ ಪುಸ್ತಕದ ಬೆನ್ನಿಗೂ ಇದೇ ಗತಿ. ಒಳಗಿನ ಚಿತ್ರ ಕೆಂಡದಂತಿದ್ದರೂ ಬೆನ್ನು ಬೂದಿಯಂತೆ. ಪಡುವಣ ಗೋಡೆಗೆ ಕಪಾಟು ಒರಗಿಸಿದರೆ ಇನ್ನೊಂದು ತೊಂದರೆ. ಏಪ್ರಿಲ್ ಬಿಸಿಗೆ ಆ ಗೋಡೆ ರಾತ್ರಿಯವರೆಗೂ ಕಾಯುತ್ತಿರುತ್ತದೆ. ಬೆನ್ನಿಗೆ ಹಾಕಿದ ಗೋಂದು ವರ್ಷ ವರ್ಷ ಒಣಗಿ ಪೆಡಸಾಗುತ್ತದೆ. ಒಂದು ದಿನ ಅಗಲವಾಗಿ ಬಿಚ್ಚಿದರೆ ಚಟ್ ಅಂತ ಸೀಳುತ್ತದೆ.

ಮಳೆಗಾಲದ್ದು ಬೇರೆ ಕಥೆ. ಗ್ರಾಫಿಕ್ ಕಾದಂಬರಿಯ ಹೊಳೆಯುವ ಆರ್ಟ್ ಪೇಪರ್ ಮೇಲೆ ಒಂದು ಬಗೆಯ ಲೇಪ ಇರುತ್ತದೆ. ನೀರು ಸೋರಿ ನೆನೆದು ಹಾಗೇ ಒಣಗಿದರೆ ಇಡೀ ಪುಸ್ತಕ ಇಟ್ಟಿಗೆ ಆದಂತೆ, ಆಮೇಲೆ ಬಿಡಿಸಲು ಆಗೋದೇ ಇಲ್ಲ. ಹಸಿ ಇರುವಾಗಲೇ ಪುಟಗಳ ನಡುವೆ ಬಿಳಿ ಹಾಳೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸಬೇಕು.

ಅಪ್ಪನ ಪೆಟ್ಟಿಗೆಯಲ್ಲಿ ಇಂದ್ರಜಾಲ ಕಾಮಿಕ್ಸ್ ಇದ್ದವು, 1964ರಿಂದ 1990ರವರೆಗೆ ಬರುತ್ತಿದ್ದವಲ್ಲ, ಅವು. ಪಿನ್ನು ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಇಳಿದಿತ್ತು. ಅಗ್ಗದ ಕಾಗದದಲ್ಲಿ ಮರದ ನಾರು ಬೆಸೆಯುವ ಲಿಗ್ನಿನ್ ಅನ್ನೋ ಪದಾರ್ಥ ಜಾಸ್ತಿ, ಗಾಳಿ ಬೆಳಕಿಗೆ ಅದು ಹಳದಿಯಾಗುತ್ತದೆ. ಇದನ್ನು ತಡೆಯೋಕೆ ಆಗಲ್ಲ, ನಿಧಾನ ಮಾಡಬಹುದು, ಅಷ್ಟೇ.

ಪ್ಲಾಸ್ಟಿಕ್ ಕವರ್ ಹಾಕಿದರೆ ಆಯ್ತಲ್ವಾ ಅಂತ ಕೇಳ್ತೀರಿ. ಯಾವ ಪ್ಲಾಸ್ಟಿಕ್ ಅನ್ನೋದು ಮುಖ್ಯ. ಮೆತ್ತಗೆ, ಘಾಟು ವಾಸನೆ ಬರುವ ಪಿವಿಸಿ ಹಾಳೆ ಬೇಡ. ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥವೇ ಹೊರಬಂದು ಶಾಯಿಗೆ ಅಂಟುತ್ತದೆ. ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಕವರ್ ಒಳ್ಳೆಯದು. ಪುಸ್ತಕ ನೆಟ್ಟಗೆ ನಿಲ್ಲಿಸಿ, ವಾಲಬಾರದು. ಎತ್ತಲು ಎರಡು ಕೈ ಬೇಕಾಗುವಷ್ಟು ಭಾರದ್ದಾದರೆ ಮಲಗಿಸಿಡಿ. ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಬೆನ್ನು ಜಗ್ಗುತ್ತದೆ. ಹಸಿ ಬೇವಿನ ಎಲೆ ಹಾಳೆ ನಡುವೆ ಇಡಬೇಡಿ, ಅಜ್ಜಿ ಹೇಳಿದರೂ ಸರಿ. ಕಲೆ ಬೀಳುತ್ತದೆ.

ಇನ್ನು ನಮ್ಮೂರಿನ ದೊಡ್ಡ ಶತ್ರು: ಮಂಡಕ್ಕಿ ಮಿರ್ಚಿ. ಸಂಜೆ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಪುಸ್ತಕ. ಎಣ್ಣೆ ಬೆರಳು ತಾಗಿದ ಕಡೆ ಕಾಗದ ಪಾರದರ್ಶಕ ಆಗಿ ಹಿಂದಿನ ಪುಟದ ಚಿತ್ರ ಕಾಣುತ್ತದೆ. ಒರೆಸಿದರೆ ಇನ್ನೂ ಹರಡುತ್ತದೆ. ಹುಡುಗನಿಗೆ ಹೇಳಿದೆ, "ಬೆಣ್ಣೆದೋಸೆ ತಿಂದು ಕೈ ತೊಳೆದು ಬಾ, ಆಮೇಲೆ ಮುಟ್ಟು." ಮುಖ ಊದಿಸಿಕೊಂಡೇ ತೊಳೆದು ಬಂದ.

ಬಂದವನು ಆ ಏಳು ಹಾಳೆ ಕಿತ್ತುಬಂದ ಪುಸ್ತಕವನ್ನೇ ಎತ್ತಿಕೊಂಡ. ಸೆಲ್ಲೋಟೇಪ್ ಹಚ್ಚೋಣವಾ ಅಂದ. ಬೇಡ ಅಂದೆ. ಟೇಪಿನ ಅಂಟು ನಾಲ್ಕಾರು ವರ್ಷಕ್ಕೆ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಪ್ಲಾಸ್ಟಿಕ್ ಮಾತ್ರ ಉದುರುತ್ತದೆ. ಬಿಡಿ ಹಾಳೆಗಳನ್ನು ಪುಟದ ಕ್ರಮದಲ್ಲಿ ಒಳಗಿಟ್ಟು, ಇಡೀ ಪುಸ್ತಕವನ್ನು ಕವರಿನಲ್ಲಿ ಹಾಕಿದ್ದೇನೆ. ಅವನು ಒಂದೊಂದೇ ಹಾಳೆ ತೆಗೆದು ಓದಿ, ವಾಪಸ್ ಅದೇ ಜಾಗಕ್ಕೆ ಇಟ್ಟ.